ಒಪ್ಪಿಗೆ ಕೊಟ್ಟ ಊರು

ದಂಡಿಗನಹಳ್ಳಿಯ ನಲವತ್ತನೆಯ ಮನೆಯ ಜಗಲಿಯಲ್ಲಿ ಕೂತಾಗ ಭಾನುಪ್ರಿಯಾಳಿಗೆ ಅನುಮಾನ ಬಂತು. ಹಾಸನದಲ್ಲಿ ಎಂ.ಎ. ಓದುತ್ತಿದ್ದ ಅವಳು ಓದಿನ ಭಾಗವಾದ ಸಮೀಕ್ಷೆಗೆಂದು ಎರಡು ದಿನದಿಂದ ಮನೆಮನೆಯಲ್ಲೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀರಿನಿಂದ ಹೈಡ್ರೋಜನ್ ಅನಿಲ ತೆಗೆಯುವ ಘಟಕ ನಿಮ್ಮೂರ ಬಳಿ ಬಂದರೆ ಒಪ್ಪಿಗೆಯೇ? ಮೂವತ್ತೊಂಬತ್ತು ಮನೆಯವರೂ ಒಪ್ಪಿಗೆ ಅಂದಿದ್ದರು. ಊರೆಂದ ಮೇಲೆ ಒಬ್ಬನಾದರೂ ತಕರಾರು ತೆಗೆಯಬೇಡವೇ?

ಆ ಮನೆಯ ಅಜ್ಜಿ ಮಲ್ಲಿಗಮ್ಮ ಮಜ್ಜಿಗೆ ತಂದುಕೊಟ್ಟರು. ಉಪ್ಪು ಸಾಕೇ ಎಂದು ವಿಚಾರಿಸಿ, ಪ್ರಶ್ನೆ ಮುಗಿಯುವ ಮೊದಲೇ, "ಒಪ್ಗೆ ಅಂತ ಬರ್ಕ ಮಗ," ಎಂದರು.

"ಏನು ಅಂತ ಗೊತ್ತಾಯ್ತಾ ಅಜ್ಜಿ?"

"ಅದೇನೋ ಗ್ಯಾಸು. ಬಿಸ್ಲಲ್ಲಿ ನಡ್ಕಂಡು ಬಂದಿದೀಯ, ಬ್ಯಾಡ ಅನ್ನಕ್ಕಾಯ್ತದಾ? ನಿಂಗೆ ಮಾರ್ಕ್ಸು ಕಮ್ಮಿ ಕೊಟ್ಬುಟ್ರೆ?"

"ಎಲ್ರೂ ಹಂಗೇ ಅಂದ್ಕೊಂಡ್ರಾ?"

"ಇನ್ನೇನು ಮತ್ತೆ! ನೆನ್ನೆ ನಲ್ಲಿ ತಾವ ಮಾತಾಡ್ಕಂಡ್ವಿ ಕಣವ್ವ. ಓದೋ ಎಣ್ಮಗ, ಬರಿಗೈಲಿ ಕಳುಸ್ಬಾರ್ದು ಅಂತ."

ಭಾನುಪ್ರಿಯಾ ತುಂಬಿಸಿದ್ದ ಹಾಳೆಗಳನ್ನು ತಿರುವಿದಳು. ವರದಿ ನಾಳೆಯೇ ಕೊಡಬೇಕು. ಹೀಗೇ ಕೊಟ್ಟರೆ ಕೇಳುವವರಿಲ್ಲ. ಆದರೆ ನಾಳಿದ್ದು ಯಾವುದೋ ಕಚೇರಿಯಲ್ಲಿ ಯಾರೋ ಅದನ್ನು ತೆರೆದು, ನಲವತ್ತಕ್ಕೆ ನಲವತ್ತೂ ಒಪ್ಪಿದ ಊರು ಇದು ಎಂದು ನಕ್ಷೆಯ ಮೇಲೆ ಬೆರಳಿಟ್ಟರೆ? ಈ ಜನ ತನ್ನ ಮೇಲಿನ ಕನಿಕರಕ್ಕೆ ಊರಿನ ನೀರನ್ನೇ ಬರೆದುಕೊಟ್ಟಂತಾಗುತ್ತದೆ. ತಾನಾದರೂ ಏನು ಬಿಡಿಸಿ ಹೇಳಿದ್ದಳು? ಅಚ್ಚಾದ ಸಾಲನ್ನು ಗಡಗಡ ಓದಿ ಮುಂದಿನ ಮನೆಗೆ ಹೋಗಿದ್ದಳು.

ಪೆನ್ನು ಕೆಳಗಿಟ್ಟಳು. "ಅಜ್ಜಿ, ನೀವು ಬೇಡ ಅಂದ್ರೂ ನನ್ ಮಾರ್ಕ್ಸ್ ಹೋಗಲ್ಲ. ಕೇಳಿ. ಹೊಗೆ ಬರಲ್ಲ, ಅದು ನಿಜ. ಒಂದಷ್ಟು ಜನಕ್ಕೆ ಕೆಲಸಾನೂ ಸಿಗಬಹುದು. ಆದ್ರೆ ಒಂದು ಕೆಜಿ ಗ್ಯಾಸು ಮಾಡಕ್ಕೆ ಹೆಚ್ಚುಕಮ್ಮಿ ಒಂದು ಬಿಂದಿಗೆ ನೀರು ಬೇಕು. ದೊಡ್ಡ ಘಟಕ ಆದ್ರೆ ದಿನಕ್ಕೆ ಸಾವಿರಾರು ಕೆಜಿ."

"ಬಿಂದ್ಗೆನಾ? ಯಾವ ಬೋರಿಂದು?"

"ಅದನ್ನ ಕೇಳೋ ಪ್ರಶ್ನೆನೇ ಈ ಹಾಳೇಲಿ ಇಲ್ಲ."

"ಅಯ್ ಪೆದ್ದು! ಮದ್ಲೇ ಏಳಕ್ಕೇನಾಗಿತ್ತು ನಿಂಗೆ?" ಮಲ್ಲಿಗಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. "ನಡಿ, ನಾನೂ ಬತ್ತೀನಿ. ನೀನೊಬ್ಳೇ ಅವ್ರ ಮನೆಗೋದ್ರೆ ಇನ್ನೊಂದ್ಸಲ ಒಪ್ಗೆ ಅಂದು ಮಜ್ಜಿಗೆ ಕುಡ್ಸಿ ಕಳುಸ್ತಾರೆ."

ಇನ್ನೊಂದು ವಾರ ಬೇಕು ಸರ್ ಎಂದು ಮೇಷ್ಟರಿಗೆ ಮೆಸೇಜು ಹಾಕಿ ಭಾನುಪ್ರಿಯಾ ಮಲ್ಲಿಗಮ್ಮನ ಹಿಂದೆ ಹೊರಟಳು.

ಪಕ್ಕದ ಮನೆಯ ಲಕ್ಕಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದ. ಮಲ್ಲಿಗಮ್ಮ ಬೀದಿಯಿಂದಲೇ ಕೂಗಿದರು. "ಲೇ ಲಕ್ಕಯ್ಯ, ಈ ಮಗ ಬೇಜಾರ್ ಮಾಡ್ಕಳಲ್ವಂತೆ. ನಿಜ ಏಳ್ಲಾ!"

"ನಿಜ ಏಳದಾದ್ರೆ ಕೂತ್ಕ ತಾಯಿ, ವಸಿ ಒತ್ತಾಯ್ತದೆ," ಎಂದ ಲಕ್ಕಯ್ಯ. ನೀರಿನ ಲೆಕ್ಕವನ್ನು ಎರಡು ಸಲ ಹೇಳಿಸಿಕೊಂಡು ತಲೆಯಾಡಿಸಿದ. "ಬ್ಯಾಡ ಅಂತ ಬರಿ. ಅಡ್ಗೆ ಸಿಲಿಂಡ್ರೇ ಸಿಡಿತವೆ, ಇದುನ್ನ ಯಾರು ನೋಡ್ಕಳರು?"

ಒಳಗಿನಿಂದ ಅವನ ಸೊಸೆ ಯಶಸ್ವಿನಿಯ ದನಿ ಬಂತು. "ಮಾವ, ನಾನು ಡಿಪ್ಲೊಮಾ ಓದ್ಬುಟ್ಟು ಮನೇಲಿ ಕುಂತಿವ್ನಿ. ಕೆಲ್ಸ ಕೊಡಂಗಿದ್ರೆ ನಂದು ಒಪ್ಗೆನೇ. ನಂದ್ ಬ್ಯಾರೆ ಬರ್ಕಳಿ ಅಕ್ಕ!"

ಮನೆಗೊಂದು ಉತ್ತರಕ್ಕಷ್ಟೇ ಜಾಗವಿತ್ತು. ಭಾನುಪ್ರಿಯಾ ಹಾಳೆಯನ್ನು ಮಗುಚಿ, ಹಿಂಬದಿಯಲ್ಲಿ ಇಬ್ಬರ ಹೆಸರನ್ನೂ ಬರೆದು, ಇಬ್ಬರೂ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯತೊಡಗಿದಳು.