ಏಳು ಗಂಟೆಯ ಬಸ್ಸು

ತಿರುನಾರಾಯಣ ಹೊಸ ಏಜೆಂಟಾಗಿ ಸೇರಿದಾಗ, ಮಳವಳ್ಳಿಯ ಬಸ್ಸು ಮದ್ದೂರು ಮುಟ್ಟುವಷ್ಟರಲ್ಲಿ ಬೆಂಗಳೂರಿನ ರೈಲು ಹೋಗಿಯೇ ಇರುತ್ತಿತ್ತು. ಬಸ್ಸಿನ ಯಜಮಾನ ದೊಡ್ಡಸಿದ್ದಯ್ಯ ಕಡ್ಡಿ ಮುರಿದಂತೆ ಹೇಳಿದ್ದ.

“ಒಂದು ತಿಂಗಳು ನೋಡ್ತೀನಿ ಅಯ್ನೋರೆ. ದಿನಾ ರೈಲು ಸಿಗಂಗೆ ಮಾಡಿ. ಇಲ್ದಿದ್ರೆ ನಿಮ್ ದಾರಿ ನೀವು ನೋಡ್ಕಳಿ.”

ಆ ದಾರಿ ನೆಟ್ಟಗೆ ಮಂಡ್ಯದ ಮಾವನ ಮನೆಗೆ ಹೋಗುತ್ತಿತ್ತು. ಕೆಲಸವಿಲ್ಲದೆ ಆರು ತಿಂಗಳು ಅಲ್ಲಿ ಉಂಡು ಬಂದವನಿಗೆ ಇನ್ನೊಮ್ಮೆ ಆ ಜಗಲಿ ಹತ್ತುವುದಕ್ಕಿಂತ ಬಾವಿಯೇ ವಾಸಿ ಅನ್ನಿಸಿತ್ತು.

‘ಬಸ್ಸು ಏಳಕ್ಕೆ ಸರಿಯಾಗಿ ಹೊರಡುತ್ತದೆ’ ಎಂದು ಹಲಗೆ ಬರೆಸಿ ತೂಗುಹಾಕಿದ. ಮೊದಲ ದಿನ ಏಳಕ್ಕೆ ಹೊರಟೂಬಿಟ್ಟ. ಒಳಗಿದ್ದವರು ಇಬ್ಬರೇ, ಅವನು ಮತ್ತು ಡ್ರೈವರ್ ಮಾದಯ್ಯ. ರೈಲೇನೋ ಸಿಕ್ಕಿತು, ಹತ್ತುವವರು ಇರಲಿಲ್ಲ.

“ಜನ ಯಾಕೆ ಬರಲಿಲ್ಲ ಮಾದಯ್ಯ?”

“ನಾನು ಆರ್ನು ಒಡುದ್ಮೇಲೆ ತಾನೇ ಸ್ವಾಮಿ ಅವರು ಮನೆ ಬುಡಾದು? ನೀವು ನಾನು ಆರ್ನು ಒಡ್ದೇಟ್ಗೇ ಒಂಟೋದ್ರಿ.”

“ನಿನ್ನೆಯೇ ಹೇಳಬಾರದಿತ್ತೇ?”

“ನೀವು ಕೇಳ್ನಿಲ್ವಲ್ಲ.”

ಹೌದಲ್ಲ! ಊರಲ್ಲಿ ಗಡಿಯಾರ ಯಾರ ಮನೆಯಲ್ಲಿತ್ತು? ಹಾರ್ನು ಕೇಳಿದ ಮೇಲೆಯೇ ಮುಖ ತೊಳೆದು, ಮುದ್ದೆ ಉಂಡು, ಹೆಂಡತಿಗೆ ನಾಲ್ಕು ಮಾತು ಹೇಳಿ ಹೊರಡುವುದು ಅವರ ರೂಢಿ. ತಿರುನಾರಾಯಣ ಜನರ ತಂಟೆಗೆ ಹೋಗದೆ ಹಾರ್ನನ್ನೇ ಆರು ಗಂಟೆಗೆ ಹೊಡೆಸಿದ. ಒಂದು ವಾರ ಬಸ್ಸು ತುಂಬಿತು. ಅಷ್ಟರಲ್ಲಿ ಊರಿಗೆ ಗುಟ್ಟು ತಿಳಿಯಿತು. ಹಾರ್ನಾದ ಮೇಲೆ ಇನ್ನೂ ಒಂದು ಗಂಟೆ ಇದೆಯೆಂದು ಸ್ನಾನಕ್ಕೆ ಒಲೆ ಹೊತ್ತಿಸತೊಡಗಿದರು. ಹಾರ್ನು ಐದೂವರೆಗೆ ಬಂತು, ಐದಕ್ಕೆ ಬಂತು. ಹೀಗೇ ಬಿಟ್ಟರೆ ನಾಳಿನ ಬಸ್ಸಿಗೆ ಇವತ್ತೇ ಹಾರ್ನು ಹೊಡೆಯಬೇಕಾಗಿತ್ತು.

ಅವನಿಗೆ ರೇಗಿತು. ಹಾರ್ನು ಆರಕ್ಕೆ, ಬಸ್ಸು ಏಳಕ್ಕೆ, ಯಾರಿಗೂ ಕಾಯುವುದಿಲ್ಲ ಎಂದುಬಿಟ್ಟ. ಮೊದಲು ಬಸ್ಸು ತಪ್ಪಿಸಿಕೊಂಡವಳು ವೀಳ್ಯದೆಲೆ ಮಾರುವ ಮಾಯಮ್ಮ. ಬಸ್ಸು ತಿರುವು ದಾಟುವವರೆಗೂ ಅವನ ಮೂರು ತಲೆಮಾರನ್ನು ಜಾಲಾಡಿದಳು. ಮಾರನೆಯ ದಿನ ಆರೂವರೆಗೇ ಬುಟ್ಟಿ ಸಮೇತ ಮುಂದಿನ ಸೀಟಿನಲ್ಲಿದ್ದಳು, ತನ್ನ ಬೀದಿಯವರನ್ನೆಲ್ಲ ಎಬ್ಬಿಸಿಕೊಂಡೇ ಬಂದಿದ್ದಳು. ತಾನು ಎದ್ದಿರುವಾಗ ಇವರಿಗೇನು ಧಾಡಿ ಎಂಬುದು ಅವಳ ವಾದ. ಆಮೇಲೆ ಒಂದು ದಿನವೂ ರೈಲು ತಪ್ಪಲಿಲ್ಲ.

ತಿಂಗಳ ಕೊನೆಯ ದಿನ. ಬಸ್ಸು ತುಂಬಿತ್ತು, ಏಳಕ್ಕೆ ಐದು ನಿಮಿಷವಿತ್ತು. ದೊಡ್ಡಸಿದ್ದಯ್ಯನ ಆಳು ಏದುಸಿರು ಬಿಡುತ್ತ ಓಡಿಬಂದ.

“ಯಜಮಾನ್ರೂ ಬೆಂಗ್ಳೂರ್ಗೆ ಬತ್ತಾರಂತೆ. ಈಗ ನೀರು ಉಯ್ಕತಾವ್ರೆ. ಬಸ್ಸು ನಿಲ್ಸಬೇಕಂತೆ.”

ತಿರುನಾರಾಯಣ ಜೇಬಿನ ಗಡಿಯಾರ ತೆಗೆದು ನೋಡಿದ. ನಿಂತರೆ ರೈಲು ಹೋಯಿತು, ಹೊರಟರೆ ಕೆಲಸ ಹೋಯಿತು. ಏಳಾಯಿತು. ಬಸ್ಸಿನಲ್ಲಿದ್ದವರೆಲ್ಲ ಅವನ ಮುಖ ನೋಡಿದರು, ಮಾಯಮ್ಮ ಕೂಡ. ಇಷ್ಟು ಜನ ಅವನ ಮಾತು ನಂಬಿ ಕತ್ತಲಲ್ಲಿ ಎದ್ದು ಬಂದಿದ್ದರು. ನಿಲ್ಲಿಸುವ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು.

“ಹೊರಡು ಮಾದಯ್ಯ,” ಎಂದ.

ಮದ್ದೂರಿನಲ್ಲಿ ಎಲ್ಲರನ್ನೂ ರೈಲು ಹತ್ತಿಸಿ, ಮಾವನಿಗೆ ಏನು ಹೇಳುವುದೆಂದು ಯೋಚಿಸುತ್ತ ಕೂತ. ಬಿಸಿಲೇರಿದ ಮೇಲೆ ಒಂದು ಜಟಕಾ ಬಂತು. ದೊಡ್ಡಸಿದ್ದಯ್ಯ ಮೈಯೆಲ್ಲ ಧೂಳಾಗಿ ಇಳಿದ.

“ಎಷ್ಟೊತ್ಗೆ ಬುಟ್ರಿ?”

“ಏಳಕ್ಕೆ.”

“ರೈಲು ಸಿಕ್ತಾ?”

“ಎಲ್ಲರಿಗೂ ಸಿಕ್ಕಿತು. ತಮಗೊಬ್ಬರಿಗೆ ಸಿಗಲಿಲ್ಲ.”

ದೊಡ್ಡಸಿದ್ದಯ್ಯ ರುಮಾಲು ಬಿಚ್ಚಿ ಧೂಳು ಒದರಿದ, ಮತ್ತೆ ನಿಧಾನವಾಗಿ ಸುತ್ತಿಕೊಂಡ. ಕಣ್ಣು ಮಾತ್ರ ಹಳಿಯ ಮೇಲಿತ್ತು.

“ನಾಳೀಕೆ ಆರೂವರೆಗೇ ಬಂದು ಕೂತಿರ್ತೀನಿ,” ಎಂದ. “ನೀವು ಕೆಲ್ಸ ಬುಟ್ಟು ಎಲ್ಲೂ ಓಗಬ್ಯಾಡಿ.”