ಬಿಸಿಲಿಗಿಟ್ಟ ತುಂಗಜ್ಜಿ

ಒಂದಾನೊಂದು ಊರು, ಅದಕ್ಕೊಬ್ಬ ಅರಸ, ಅವನಿಗಿಬ್ಬರು ಹೆಂಡಿರು, ಒಬ್ಬಳು ಸುಣ್ಣದಂತೆ ಬಿಳಿ, ಒಬ್ಬಳು ಮಸಿಯಂತೆ ಕಪ್ಪು — ನಡುವೆ ಯಾರೂ ಇರ್ಲಿಲ್ವಾ ಅಜ್ಜಿ, ಇದ್ದಳ್ ಮಗಾ, ಅವ್ಳನ್ನ್ ಕಾಂಬುಕೆ ಅರಸನಿಗ್ ಪುರ್ಸೊತ್ತಿಲ್ಲೆ — ಮೋಡ ಸರಿದು ಕೋಟದ ಸ್ಟುಡಿಯೋ ಅಂಗಳಕ್ಕೆ ಬಿಸಿಲು ಧುಮುಕಿತು, ವಾರಿಜಾಕ್ಷಿ ಮರದ ಚೌಕಟ್ಟನ್ನು ಮಾಡಿನ ನೆರಳಿನಿಂದೆತ್ತಿ ನಡು ಅಂಗಳದಲ್ಲಿಟ್ಟಳು, ಇಟ್ಟೇಬಿಟ್ಟಳು. ಚೌಕಟ್ಟಿನೊಳಗೆ ಗಾಜಿನ ನೆಗೆಟಿವ್, ಅದರಡಿ ಕಾಗದ, ಬಿಸಿಲು ಕುಡಿದು ಅದರಲ್ಲಿ ಮೂಡಬೇಕಾದ ತುಂಗಜ್ಜಿ, ಆ ಅರಸನ ಕಥೆ ಹೇಳುವ ಅವಳ ಅಜ್ಜಿ. ಇದೊಂದೇ ಹಾಳೆ, ಯುದ್ಧ ಮುಗಿಯುವವರೆಗೆ ಬೊಂಬಾಯಿಯಿಂದ ಇನ್ನೊಂದು ಬಾರದು, ಕೆಟ್ಟರೆ ಕೆಟ್ಟಿತು. ನೆರಳಲ್ಲೇ ಇಡ್, ತೆಕ್ಕಟ್ಟೆಗೆ ಹೊರಡುವಾಗ ಸ್ಟುಡಿಯೋ ನಡೆಸುವ ಕಮಲಾಕ್ಷ ಮಾವ ಮೂರು ಸಲ ಹೇಳಿದ್ದ, ನೆರಳಲ್ ನಿಧಾನ ಆತ್ತ್, ಆರೆ ಕಪ್ಪು ಕಪ್ಪಾತ್ತ್, ಬಿಳಿ ಬಿಳಿ ಆತ್ತ್, ಸುಕ್ಕೆಲ್ಲ ಹಾರಿ ಹೋತ್ತ್, ಪಟ ಅಂದ್ರೆ ಕಣ್ಣಿಗ್ ಹೊಡಿಕ್ ಕಾಣ್. ಹೊಡೆಯಬೇಕೇ? ಅಜ್ಜಿ ಯಾರಿಗೂ ಹೊಡೆದವಳಲ್ಲ. ಉರಿಬಿಸಿಲಿಗಿಟ್ಟರೆ ಪಟ ಮೆತ್ತಗಾಗುತ್ತದೆ, ಮಾವನೇ ಕಲಿಸಿದ ವಿದ್ಯೆ, ಸಪ್ಪೆ ಆತ್ತ್ ಅಂತ ಬೈದು ಕಲಿಸಿದ್ದು, ಆ ಸಪ್ಪೆಯಲ್ಲೇ ಅವಳು ಕಂಡದ್ದೆಷ್ಟು — ಉಪ್ಪುಂದದ ಕಡಲು ಮುಗಿಲನ್ನು ಸೇರುವಲ್ಲಿನ ಬೂದು, ಒಗೆದು ಒಗೆದು ಹಳತಾದ ಸೀರೆಯ ಅಂಚು, ಅಜ್ಜಿಯ ಕಣ್ಣಡಿಯ ಮಡಿಕೆ, ಕಪ್ಪಲ್ಲ, ಬಿಳಿಯಲ್ಲ, ಕಥೆ ಹೇಳುವಾಗ ಉಬ್ಬಿ ಬರುವ ಮಡಿಕೆ. ನಾ ಸತ್ತ್ ಮೇಲೆ ಗ್ವಾಡಿಗೆ ಬೇರೆ ಯಾವ್ದೋ ಹೆಂಗ್ಸನ್ನ್ ತೂಗ್ ಹಾಕ್ಬೇಡಿ, ಮೊನ್ನೆ ಜಗಲಿಯಲ್ಲಿ ಅಜ್ಜಿ ನಕ್ಕು ಹೇಳಿದ್ದು, ನನ್ನೇ ಹಾಕಿ, ಪದ್ಮಾಕ್ಷಿಗ್ ಮಾಡ್ದಾಂಗ್ ಮಾಡ್ಬೇಡಿ — ತೀರಿಹೋದ ಪದ್ಮಾಕ್ಷಿ ಚಿಕ್ಕಮ್ಮ ಈಗ ಗೋಡೆಯ ಮೇಲೆ, ಮಾವ ನೆರಳಲ್ಲಿ ಮೂಡಿಸಿದ ಪಟದಲ್ಲಿ, ಸುಣ್ಣದ ಮುಖ, ಎರಡು ತೂತು ಕಣ್ಣು, ಹೆತ್ತ ಮಗಳೇ ಅದ್ಯಾರು ಎಂದು ಕೇಳಿದಳಲ್ಲ. ನಿನ್ನನ್ನೇ ಹಾಕ್ತೆ ಅಜ್ಜಿ, ಮಾತು ಕೊಟ್ಟಾಗಿದೆ. ಚೌಕಟ್ಟಿನ ಹಿಂಬಾಗಿಲು ಅರ್ಧ ತೆರೆದು ಸೆರಗಿನ ಮರೆಯಲ್ಲಿ ಇಣುಕುತ್ತಾಳೆ, ಸೀರೆ ಬಂತು, ಕೆನ್ನೆ ಬಂತು, ಮಡಿಕೆ ಬಂದಿಲ್ಲ, ಇನ್ನಷ್ಟು ಬಿಸಿಲು, ಇನ್ನಷ್ಟು — ಹ್ವಾಯ್, ಎಂತ ಮಾಡ್ತಿದ್ದೆ ಹೆಣ್ಣೆ, ಬಸ್ಸಿಳಿದ ಮಾವ ಕೊಡೆ ಬೀಸುತ್ತ ಬರುತ್ತಾನೆ, ತೆಗಿ ಬಿಸ್ಲಿಂದ, ಕಡೇ ಹಾಳೆ ಅದ್, ತಲೆ ಸಮ ಇತ್ತಾ ನಿಂಗೆ — ಸಮ ಇತ್ತ್ ಮಾವ, ನಿಮ್ ನೆರಳ್ ಬೀಳ್ತ್, ಆಚಿಗ್ ನಿಲ್ಲಿ. ತನ್ನ ಬಾಯಿಂದಲೇ ಬಂತೇ ಅದು? ಮಾವ ಆಚೆ ನಿಂತ, ನಿಜವಾಗಿಯೂ ನಿಂತ, ಮಳ್ಳ್ ಹೆಣ್ಣ್ ಎಂದು ಗೊಣಗಿದ. ಗೊಣಗಲಿ. ಬಿಳಿ ಬೇಕಾದವರು ಗೋಡೆಗೆ ಸುಣ್ಣ ಬಳಿಯಲಿ, ಮುಖಕ್ಕಲ್ಲ. ಮತ್ತೊಮ್ಮೆ ಇಣುಕುತ್ತಾಳೆ, ಸಾಕು, ಚೌಕಟ್ಟನ್ನು ಎದೆಗವಚಿ ಒಳಗೋಡುತ್ತಾಳೆ, ಕತ್ತಲ ಕೋಣೆ, ತೊಳೆನೀರು, ಮೂಡಿದ್ದನ್ನು ಮೂಡಿದಂತೆ ನಿಲ್ಲಿಸುವ ಹೈಪೋ, ಬೆರಳ ತುದಿಯಲ್ಲಿ ಕಾಗದ ಅಲುಗಿತು, ನಿಂತಿತು, ಇನ್ನು ಯಾವ ಬಿಸಿಲೂ ಯಾವ ಮಾವನೂ ಅದನ್ನು ಬದಲಿಸಲಾರರು, ಆಯ್ತ್ ಅಜ್ಜಿ, ಆಯ್ತ್ — ಕಣ್ಣಡಿಯಲ್ಲಿ ಮಡಿಕೆ, ಬೂದು, ಒದ್ದೆ, ಮಡಿಕೆ