ಅಂಗಾಲಿಗೆ ತಿಳಿದ ರೇಷ್ಮೆ

ಒಂದಾನೊಂದು ಕಾಲದಲ್ಲಿ, ಹೊಲಿಗೆ ಮೆಷಿನ್ನಿನ ಸದ್ದಿಗೇ ಬೆಳಗಾಗುತ್ತಿದ್ದ ಒಂದು ಮನೆಯಲ್ಲಿ, ಒಬ್ಬಳು ಅಕ್ಕ, ಒಬ್ಬಳು ತಂಗಿ ಇದ್ದರು. ರಾಜಕುಮಾರಿಯರೇನಲ್ಲ. ಅಕ್ಕ ದರ್ಜಿ, ತಂಗಿ ಅಕ್ಕ ಹೊಲಿದದ್ದನ್ನು ತೊಟ್ಟು ಮೆರೆಯುವವಳು. ತಂಗಿಯ ಮದುವೆ ಗೊತ್ತಾದಾಗ ಅಕ್ಕ ಮಾತು ಕೊಟ್ಟಳು: ಮದುವೆಯ ಗೌನು ತನ್ನ ಕೈಯಲ್ಲೇ ಆಗಬೇಕು, ಅಂಗಡಿಯದ್ದು ತಂಗಿಯ ಮೈ ಸೋಕಕೂಡದು.

ಆ ಮನೆಯಲ್ಲೊಂದು ಕಟ್ಟಳೆಯಿತ್ತು. ಕತ್ತರಿಸಿಟ್ಟ ಬಟ್ಟೆಯನ್ನು ಯಾರೂ ತುಳಿಯುವಂತಿರಲಿಲ್ಲ. ಅಮ್ಮ ಅದನ್ನು ಅಕ್ಕನ ಕಾಲಿಗೆ ಬೆತ್ತದಿಂದ ಕಲಿಸಿದ್ದಳು. ತಂಗಿ ಮುದ್ದಿನ ಮಗಳು. ಅವಳ ಪಾಲಿಗೆ ಬೆತ್ತ ಬರಲಿಲ್ಲ.

ಮದುವೆ ಹತ್ತಿರ ಬಂದಾಗ ಗೆಳತಿಯರು ಸೇರಿದರು. ಕಣ್ಣು ಕಟ್ಟಿ ಹಿಡಿಯುವ ಆಟವಾಡೋಣವೆಂದು ತಂಗಿ ಹಟ ಹಿಡಿದಳು. ಅಕ್ಕ ಅಡುಗೆಮನೆಯಲ್ಲಿದ್ದಾಗ ಹೊಲಿಗೆ ಕೋಣೆಯ ಮೇಜನ್ನು ಗೋಡೆಗೆ ತಳ್ಳಿ, ಅದರ ಮೇಲಿದ್ದ ಗೌನಿನ ರೇಷ್ಮೆ ತುಂಡುಗಳನ್ನು ಪಕ್ಕದ ನೆಲಕ್ಕೆ ಹಾಸಿದಳು. ಕೆಲಸವಿದೆಯೆಂದು ಅಕ್ಕ ಗೋಗರೆದರೂ ಬಿಡದೆ, ಹೊಸ್ತಿಲಲ್ಲೇ ಅವಳ ಕಣ್ಣಿಗೆ ಬಟ್ಟೆ ಬಿಗಿದು, ಗರಗರ ತಿರುಗಿಸಿ ಒಳಗೆ ಬಿಟ್ಟಳು.

ಅಕ್ಕ ಕೈ ಚಾಚಿ ತಡವರಿಸಿದಳು. ಕಿಸಿಕಿಸಿ ನಗು ಅತ್ತಿತ್ತ ಜಾರಿತು. ಮೇಜಿನ ಹತ್ತಿರ ಅಂಗಾಲಿಗೆ ಏನೋ ನುಣುಪು ತಾಗಿತು. ಬೇರೆ ಯಾರಾದರೂ ಆಗಿದ್ದರೆ ತುಳಿದು ಮುಂದೆ ಹೋಗುತ್ತಿದ್ದರು. ಅವಳು ಕೆಂಡ ಮೆಟ್ಟಿದವಳಂತೆ ಕಾಲೆತ್ತಿದಳು. ಆಯ ತಪ್ಪಿ, ಮೇಜಿನ ಅಂಚಿಗೆ ಬಲಗೈ ಬಡಿದು ಬಿದ್ದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಸಾಕೇ ಅಕ್ಕಾ ನಿನ್ ನಾಟ್ಕ, ಏಳು," ಎಂದಳು ತಂಗಿ.

ರೇಷ್ಮೆಗೆ ಒಂದು ಸುಕ್ಕೂ ಬಿದ್ದಿರಲಿಲ್ಲ. ಮಣಿಕಟ್ಟು ಮುರಿದಿತ್ತು.

ತಂಗಿ ಅಂಗಡಿಯ ಗೌನು ತೊಟ್ಟು ಮದುವೆಯಾದಳು. ಚೆನ್ನಾಗಿಯೇ ಕಂಡಳು, ಮುರಿದ ಕೈಗಿಂತ ಅದೇ ಅಕ್ಕನನ್ನು ಹೆಚ್ಚು ಚುಚ್ಚಿತು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಬಾಗಿಲು ಹುಡುಕಿಕೊಂಡರು. ಅಕ್ಕ, ಹಟಮಾರಿ ಮಗುವಿಗೆ ಅಕ್ಷರ ತಿದ್ದಿಸುವಂತೆ, ಎಡಗೈಗೆ ಸೂಜಿ ಕಲಿಸಿದಳು. ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ವರ್ಷಗಳು ಹೋದವು. ತಂಗಿ ಬಂದಾಗಲೆಲ್ಲ, ದೊಡ್ಡಮ್ಮ ಹೇಗೆ ದೊಪ್ಪನೆ ಬಿದ್ದಳೆಂದು ಹೇಳಿ ತನ್ನ ಮಕ್ಕಳನ್ನು ನಗಿಸುತ್ತಿದ್ದಳು.

ಅವಳು ಹಾಗೆ ಬಂದಿದ್ದ ಒಂದು ಮಧ್ಯಾಹ್ನ ಅಕ್ಕ ಒಂದು ರೇಷ್ಮೆ ಗೌನಿಗೆ ಕೊನೆಯ ಗುಂಡಿ ಹಾಕುತ್ತಿದ್ದಳು. ತಂಗಿ ಗೌನನ್ನು ಅವಳ ಕೈಯಿಂದ ಎತ್ತಿ, ತನ್ನ ತುಂಬಿದ ಮೈಗೆ ಹಿಡಿದು ನೋಡಿದಳು.

"ಯಾರದ್ದಕ್ಕಾ ಇದು? ಸೊಂಟ ನೋಡು, ಕಡ್ಡಿ ಥರ ಇದಾಳೆ ಪುಣ್ಯಾತ್ಗಿತ್ತಿ."

"ಇದ್ಲು," ಎಂದಳು ಅಕ್ಕ. "ಕೊಡಿಲ್ಲಿ, ದಾರ ಕತ್ತರಿಸ್ಬೇಕು."

ದಾರವನ್ನು ಹಲ್ಲಿನಿಂದಲೇ ಕಡಿದು, ಗೌನನ್ನು ನೀಟಾಗಿ ಮಡಿಸಿ, ತಂಗಿಯ ಮಡಿಲಿಗಿಟ್ಟಳು.